ಮೂರು ವರ್ಷದ ಊರು

ಭಾನುವಾರ ಆರಾಧನೆ ಮುಗಿದು ಜನರೆಲ್ಲ ಹೊರಟ ಮೇಲೆ ಆ ಮುಂದಿನ ಕೋಣೆಯನ್ನು ಮತ್ತೆ ಮನೆ ಮಾಡಲು ಅರ್ಧ ಗಂಟೆ ಹಿಡಿಯುತ್ತಿತ್ತು. ನಲವತ್ತೆರಡು ಮಡಚುವ ಕುರ್ಚಿಗಳು ಗೋಡೆಗೆ ಒರಗಬೇಕು, ಹಿಂದಕ್ಕೆ ಹೋಗಿದ್ದ ಊಟದ ಮೇಜು ಒಳಗೆ ಬರಬೇಕು, ಅಜ್ಜಿಯ ಮಂಚಕ್ಕೆ ಮತ್ತೆ ಹಾಸಿಗೆ ಹಾಸಬೇಕು. ಪಾಸ್ಟರ್ ಕುರ್ಚಿ ಮಡಚುತ್ತಿದ್ದರು, ಸಭೆಗೆಲ್ಲ ಪಾಸ್ಟರಮ್ಮ ಎನಿಸಿದ್ದ ಹೆಂಡತಿ ನೆಲ ಗುಡಿಸುತ್ತಿದ್ದಳು, ಹದಿನಾಲ್ಕು ವರ್ಷದ ಮಗಳು ಹಾಡಿನ ಪುಸ್ತಕಗಳನ್ನು ಜೋಡಿಸುತ್ತಿದ್ದಳು. ಅವಳನ್ನು ಮನೆಯಲ್ಲಿ ಎಲ್ಲರೂ ಚೂಟಿ ಎಂದು ಕರೆಯುತ್ತಿದ್ದರು. ಅಜ್ಜಿ, ಅಂದರೆ ಪಾಸ್ಟರ ತಾಯಿ, ಮಾತ್ರ ಒಂದು ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತು, "ನನ್ನ ಮಡಚಬೇಡಪ್ಪ, ಮೊದಲೇ ಮಂಡಿ ಮಡಚಲ್ಲ" ಎಂದು ನಗಿಸುತ್ತಿದ್ದಳು.

ಆ ದಿನ ಊಟಕ್ಕೆ ಅತಿಥಿಯೊಬ್ಬರಿದ್ದರು. ಪಾಸ್ಟರನ್ನು ಕಳಿಸಿದ ಸಂಸ್ಥೆಯ ಮೇಲ್ವಿಚಾರಕರು, ಎರಡು ವಿಮಾನ ಬದಲಾಯಿಸಿ ಬಂದಿದ್ದರು. ಆಲೂಗಡ್ಡೆ, ಮೊಟ್ಟೆ, ಬೇಕರಿಯವನು ಆರಾಧನೆಗೆ ಬರುವಾಗ ತಂದಿದ್ದ ಬಿಸಿ ಬ್ರೆಡ್ಡು, ಇಷ್ಟನ್ನು ಅವರು ಎರಡು ಸಲ ಹಾಕಿಸಿಕೊಂಡು ತಿಂದರು. ತಟ್ಟೆ ಸರಿಸಿ, ಲ್ಯಾಪ್‌ಟಾಪ್ ತೆರೆದು ನಕ್ಷೆಯೊಂದನ್ನು ತೋರಿಸಿದರು. ಅದರ ತುಂಬ ಹಸಿರು ಚುಕ್ಕಿಗಳು, ಸಂಸ್ಥೆಯ ಸಭೆ ಇರುವ ಊರಿಗೊಂದು.

"ಇದು ನೋಡಿ, ಬಂದರಿನ ಪಕ್ಕ ಎದ್ದಿರೋ ಹೊಸ ಊರು. ಹನ್ನೊಂದು ದೇಶದವರು ಕೆಲಸಕ್ಕೆ ಬಂದಿದಾರೆ. ನಮ್ಮ ಹಿಂದಿನವರು ಸುವಾರ್ತೆ ಹೇಳೋಕೆ ಸಮುದ್ರ ದಾಟ್ಬೇಕಿತ್ತು. ಈಗ ಲೋಕಕ್ಕೆ ಲೋಕವೇ ಒಂದು ಬೀದಿಗೆ ಬಂದು ಬಾಡಿಗೆಗಿದೆ. ಅಲ್ಲಿ ನಮ್ಮದೊಂದು ಸಭೆ ಇಲ್ಲ."

"ಯಾವಾಗ?" ಎಂದರು ಪಾಸ್ಟರ್.

"ಇಲ್ಲಿ ಮೂರು ವರ್ಷ ತುಂಬೋದಕ್ಕೆ ಎಂಟು ವಾರ ಇದೆಯಲ್ಲ. ಅಷ್ಟರಲ್ಲಿ ಬೇಕರಿಯವರಿಗೆ ಜವಾಬ್ದಾರಿ ವಹಿಸಿಬಿಡಿ. ಮಿಕ್ಕಿದ್ದೆಲ್ಲ ನಿಮಗೆ ಗೊತ್ತಿರೋದೇ."

ಮಿಕ್ಕಿದ್ದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಸ್ಥೆಯವರು ತಮ್ಮ ಕೆಲಸವನ್ನು ಸಭೆ ನೆಡುವುದು ಎನ್ನುತ್ತಿದ್ದರು. ಸಭೆ ಇಲ್ಲದ ಊರಿಗೆ ಹೋಗಬೇಕು, ಮನೆ ಹಿಡಿಯಬೇಕು, ಜನರನ್ನು ಕೂಡಿಸಬೇಕು, ಅವರಲ್ಲೇ ಒಬ್ಬನನ್ನು ತಯಾರು ಮಾಡಿ ಮೂರನೇ ವರ್ಷ ಹೊರಡಬೇಕು. ಹೊರಟ ಮೇಲೆ ಒಂದು ವರ್ಷ ಆ ಊರಿನ ಕಡೆ ತಲೆ ಹಾಕುವಂತಿಲ್ಲ, ಅಲ್ಲಿಯವರಿಗೆ ಫೋನು ಮಾಡುವಂತಿಲ್ಲ, ಪತ್ರ ಬರೆಯುವಂತಿಲ್ಲ. ಕೈ ಬಿಟ್ಟರೆ ತಾನೇ ಮಗು ನಡೆಯುವುದು ಎಂಬ ಲೆಕ್ಕ. ಇದು ಅವರ ನಾಲ್ಕನೇ ಊರು. ಚೂಟಿ ಹುಟ್ಟಿದ್ದು ಮೊದಲನೆಯದರಲ್ಲಿ, ಓದಲು ಕಲಿತದ್ದು ಎರಡನೆಯದರಲ್ಲಿ, ಹಾಲು ಹಲ್ಲೆಲ್ಲ ಬಿದ್ದು ಮುಗಿದದ್ದು ಮೂರನೆಯದರಲ್ಲಿ.

ಪಾಸ್ಟರಮ್ಮ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ತೊಳೆಯುವ ಸದ್ದು ಕೇಳಿಸಲಿಲ್ಲ.

ಅಜ್ಜಿ ಮೇಲ್ವಿಚಾರಕರನ್ನು ಕೇಳಿದಳು: "ನಿಮ್ಮ ಮನೆ ಯಾವ ಚುಕ್ಕಿ?"

ಅವರು ನಕ್ಷೆಯ ಮೇಲೆ ಹುಡುಕಿದರು. "ಇದರಲ್ಲಿ ಬರಲ್ಲ ಅಮ್ಮಾ" ಎಂದರು. "ನಾನೂ ಮನೆ ಕಂಡು ಎರಡು ತಿಂಗಳಾಯ್ತು."

*

ಪಾಸ್ಟರಮ್ಮನಿಗೆ ಕೂದಲು ಕತ್ತರಿಸುವ ಕೆಲಸ ಗೊತ್ತಿತ್ತು. ಹಿಂದಿನ ಜಗಲಿಯಲ್ಲಿ ಒಂದು ಸ್ಟೂಲು, ಒಂದು ಕನ್ನಡಿ, ಎರಡು ಕತ್ತರಿ. ಹೆಂಗಸರು ಮಕ್ಕಳು ಬರುತ್ತಿದ್ದರು. ಹೊಸ ಊರಿನಲ್ಲಿ ಹೆಂಗಸರು ಅಪರಿಚಿತಳ ಕೈಗೆ ತಲೆ ಕೊಡಲು ಒಂದು ವರ್ಷ ಬೇಕು. ಎರಡನೇ ವರ್ಷ ತಲೆಯ ಜತೆಗೆ ಮಾತೂ ಕೊಡುತ್ತಾರೆ. ಮೂರನೇ ವರ್ಷ, ಕೂದಲು ಬೆಳೆದಿರದಿದ್ದರೂ ಬಂದು ಕೂರುತ್ತಾರೆ. ಅಷ್ಟು ಹೊತ್ತಿಗೆ ಹೊರಡುವ ಕಾಲ ಬಂದಿರುತ್ತದೆ.

ಮಾರನೇ ದಿನ ಬೆಳಿಗ್ಗೆ ಅವಳು ಬಟಾಣಿ ಸುಲಿಯುತ್ತಿದ್ದಾಗ ಪಾಸ್ಟರ್ ಎದುರಿಗೆ ಬಂದು ಕೂತು ತಾವೂ ಒಂದು ಹಿಡಿ ತೆಗೆದುಕೊಂಡರು.

"ಏನೂ ಹೇಳ್ಲಿಲ್ಲ ನೀನು ನಿನ್ನೆ."

"ಕೇಳಿದ್ರೆ ತಾನೇ ಹೇಳೋದು?"

"ಈಗ ಕೇಳ್ತಿದೀನಿ."

"ಈಗ ಯಾಕ್ರೀ? ಚುಕ್ಕಿ ಇಟ್ಟಾಯ್ತಲ್ಲ." ಅವಳು ಸಿಪ್ಪೆಯನ್ನು ಬುಟ್ಟಿಗೆ ಹಾಕಿದಳು. "ನೀವು ನೆಡ್ತೀರಿ, ನೆಟ್ಟು ಹೋಗ್ತೀರಿ. ಹದಿನಾಲ್ಕು ವರ್ಷ ಆಯ್ತು. ಒಂದೇ ಒಂದು ದಿನ ಅದರ ನೆರಳಲ್ಲಿ ಕೂತಿದೀವಾ ನಾವು?"

"ಮೊದಲನೇ ಊರಲ್ಲಿ ಕೂತಿದ್ವಲ್ಲ, ಐದು ವರ್ಷ! ಏನಾಯ್ತು? ಕುರ್ಚಿ ಎಲ್ಲಿ ಹಾಕ್ಬೇಕು ಅನ್ನೋದಕ್ಕೂ ನನ್ನನ್ನೇ ಕೇಳೋರು. ನಾವು ಬಿಟ್ಟ ಆರೇ ತಿಂಗಳಿಗೆ ಸಭೆ ಬಾಗಿಲು ಹಾಕ್ತು. ನಾನೇ ಕೆಡಿಸಿದ್ದು ಅದನ್ನ, ಹತ್ತಿರ ಇದ್ದೂ ಇದ್ದೂ. ಈ ನಿಯಮ ಸುಮ್ಮನೆ ಬಂದಿಲ್ಲ ಕಣೇ."

"ನಿಯಮ ತಪ್ಪು ಅಂತ ನಾನೆಲ್ಲಿ ಹೇಳಿದೆ?"

"ಮತ್ತೆ?"

"ನಂಗೆ ಇಲ್ಲಿ ಇರ್ಬೇಕು ಅನಿಸುತ್ತೆ. ಅಷ್ಟೇ."

ಪಾಸ್ಟರ್ ಕೈಯಲ್ಲಿದ್ದ ಬಟಾಣಿಯನ್ನೆಲ್ಲ ಸುಲಿದು ಮುಗಿಸಿದರು. ಎದ್ದು ಹೋಗುವಾಗ ಸಿಪ್ಪೆಯ ಬುಟ್ಟಿಗೆ ಕಾಳು, ಕಾಳಿನ ಪಾತ್ರೆಗೆ ಸಿಪ್ಪೆ ಹಾಕಿದ್ದರು.

*

ಬೇಕರಿಯವನಿಗೆ ತರಬೇತಿ ಶುರುವಾಯಿತು. ವಾರಕ್ಕೆ ಮೂರು ಸಂಜೆ ಅವನು ಕೈಯ ಹಿಟ್ಟು ತೊಳೆದುಕೊಂಡು ಬರುತ್ತಿದ್ದ. ಆರಡಿ ಎತ್ತರದ ಆಳು. ಅಂಗಡಿಯಲ್ಲಿ ಎಂಥವರ ಜತೆಗೂ ಮಾತಿಗೆ ನಿಲ್ಲುವವನು, ಮುಂದಿನ ಕೋಣೆಯಲ್ಲಿ ಬರೀ ಕುರ್ಚಿಗಳೆದುರು ನಿಂತು ಬೋಧಿಸಲು ಹೇಳಿದರೆ ತೊದಲುತ್ತಿದ್ದ.

"ಪ್ರಿ... ಪ್ರಿಯರೇ..." ಎಂದು ಮೂರು ಸಲ ಹೇಳಿ ಬೆವರು ಒರೆಸಿಕೊಂಡ. "ಪಾಸ್ಟರೇ, ಇನ್ನೊಂದು ವರ್ಷ ಇದ್ದುಬಿಡಿ. ನಾನು ದಿನಾ ಬ್ರೆಡ್ ತಂದುಕೊಡ್ತೀನಿ."

"ಇನ್ನೊಂದು ವರ್ಷ ಇದ್ರೆ ಇನ್ನೊಂದು ವರ್ಷ ನೀವು ಮಾತಾಡಲ್ಲ."

"ಮಾತಾಡದಿದ್ರೆ ಏನೀಗ? ನೀವಿದೀರಲ್ಲ!"

ಮಂಚದ ಮೇಲಿದ್ದ ಅಜ್ಜಿ ಹೇಳಿದಳು: "ನನಗೆ ಹೇಳಪ್ಪ. ನಂಗೆ ಹೇಳಿದ ಹಾಗೆ ಹೇಳು. ಮಧ್ಯ ನಿದ್ದೆ ಬಂದ್ರೆ ಎಬ್ಬಿಸಬೇಡ, ಅಷ್ಟೇ."

ಅವನು ಅಜ್ಜಿಗೆ ಹೇಳತೊಡಗಿದ. ನಡುವೆ ಎರಡು ಕಡೆ ಎಡವಿದರೂ ಕೊನೆ ಮುಟ್ಟಿಸಿದ. ಅಂದಿನಿಂದ ಅಜ್ಜಿಯೇ ಅವನ ಸಭೆಯಾದಳು.

ಅದೇ ವಾರ ಅವನ ಹೆಂಡತಿ ಹಿಂದಿನ ಜಗಲಿಯ ಸ್ಟೂಲಿನ ಮೇಲೆ ಬಂದು ಕೂತಳು. ಹದಿನೈದು ದಿನದ ಹಿಂದಷ್ಟೇ ಕತ್ತರಿಸಿಕೊಂಡಿದ್ದಳು.

"ಏನು ಕತ್ತರಿಸ್ಲಿ ಇದರಲ್ಲಿ?" ಎಂದಳು ಪಾಸ್ಟರಮ್ಮ.

"ಏನಾದ್ರೂ. ನೀವು ಹೋದ್ಮೇಲೆ ಯಾರಿಗೆ ತಲೆ ಕೊಡ್ಲಿ ನಾನು? ಆ ಸಲೂನಿನವಳು ಕಿವಿನೂ ಸೇರಿಸಿ ಕತ್ತರಿಸ್ತಾಳೆ." ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. "ಫೋನಾದ್ರೂ ಮಾಡ್ತೀರಲ್ಲ?"

ಪಾಸ್ಟರಮ್ಮ ಬಾಚಣಿಗೆಯನ್ನು ನೀರಿಗೆ ಅದ್ದಿದಳು. "ತಲೆ ಬಗ್ಗಿಸಿ" ಎಂದಳು.

*

ನಾಲ್ಕನೇ ವಾರ, ಸಂಜೆಯ ಊಟಕ್ಕೆ ನಾಲ್ವರೂ ಕೂತಿದ್ದರು. ಪಾಸ್ಟರ್ ಮಗಳನ್ನು ಕೇಳಿದರು: "ಏನು ಚೂಟಿ, ನಿನ್ನ ಗೆಳತಿ ಈಚೆಗೆ ಬರೋದೇ ಇಲ್ಲ? ಆ ಎರಡು ಜಡೆ ಹುಡುಗಿ?"

"ಬರಬೇಡ ಅಂದಿದೀನಿ."

"ಜಗಳವಾ?"

"ಇಲ್ಲಪ್ಪ." ಚೂಟಿ ಬ್ರೆಡ್ಡನ್ನು ಸಾರಿಗೆ ಅದ್ದಿ ತಿಂದಳು. "ಈಗಲೇ ಬಿಟ್ಟುಬಿಡು, ಬೇರೆಯವರ ಜತೆ ಕೂರು ಅಂತ ಹೇಳ್ದೆ. ಕೊನೇ ದಿನ ಬಿಟ್ರೆ ಅವಳಿಗೆ ಕಷ್ಟ ಆಗುತ್ತೆ. ಈಗ ಬಿಟ್ರೆ ನಾವು ಹೋಗೋ ಹೊತ್ತಿಗೆ ಅಭ್ಯಾಸ ಆಗಿರುತ್ತೆ. ಕಳೆದ ಸಲ ಹಾಗೆ ಮಾಡ್ಲಿಲ್ಲ, ತುಂಬಾ ಅತ್ತಳು ಆ ಹುಡುಗಿ."

"ನೀನು?" ಎಂದಳು ಅಜ್ಜಿ.

"ನಂಗೇನು, ಅಭ್ಯಾಸ ಇದೆ."

ಇನ್ನೊಂದು ತುಂಡು ಬ್ರೆಡ್ಡು ಬೇಕೆಂದು ಕೈ ಚಾಚಿದಳು. ಯಾರೂ ಕೊಡಲಿಲ್ಲ, ಅವಳು ಕೈ ಚಾಚಿದ್ದು ಯಾರಿಗೂ ಕಾಣಿಸಿರಲಿಲ್ಲ. ಪಾಸ್ಟರ್ ತಟ್ಟೆಯಲ್ಲಿ ಕೈ ಇಟ್ಟುಕೊಂಡು ಹಾಗೇ ಕೂತಿದ್ದರು. ಸಭೆಯ ಕೆಲಸವನ್ನು ಇವಳಷ್ಟು ಚೆನ್ನಾಗಿ ಕಲಿತವರು ಸಂಸ್ಥೆಯಲ್ಲಿ ಯಾರೂ ಇರಲಾರರು ಎಂದು ಅವರಿಗೆ ಅನ್ನಿಸಿತು. ಅದರಿಂದ ಸಂತೋಷವಾಗಲಿಲ್ಲ.

*

ಐದನೇ ವಾರ ರಟ್ಟಿನ ಪೆಟ್ಟಿಗೆಗಳು ಬಂದವು. ಪಾತ್ರೆ, ಪುಸ್ತಕ, ಬಟ್ಟೆ ಎಂದು ಪಾಸ್ಟರ್ ಪೆಟ್ಟಿಗೆಗಳ ಮೇಲೆ ಬರೆದರು. ಅಮ್ಮ ಎಂದು ಬರೆದ ಪೆಟ್ಟಿಗೆ ಖಾಲಿಯಾಗಿಯೇ ಉಳಿಯಿತು.

"ಅಮ್ಮಾ, ನಿನ್ನ ಸಾಮಾನು ಕೊಡ್ತೀಯಾ?"

"ಅದೆಲ್ಲ ಆಗಲೇ ಸಾಗಿಸಾಯ್ತು."

"ಎಲ್ಲಿಗೆ?"

"ಪಕ್ಕದ ಮನೆಗೆ."

ಪಕ್ಕದ ಮನೆಯಲ್ಲಿದ್ದವಳು ಅಂಚೆಯಮ್ಮ. ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತಳಾದವಳು, ಒಂಟಿ. ಅಜ್ಜಿಗೂ ಅವಳಿಗೂ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಒಂದು ಗಂಟೆ ಮಾತು. ಅವಳ ಮನೆಯ ಬೀದಿ ಕಡೆಯ ಕೋಣೆ ಖಾಲಿ ಇತ್ತು. ಇಬ್ಬರೂ ಸೇರಿ ಎರಡು ವಾರದಿಂದ, ದಿನಕ್ಕೊಂದು ಕೈಚೀಲದ ಹಾಗೆ, ಅಜ್ಜಿಯ ಸಾಮಾನನ್ನು ಒಯ್ದಿದ್ದರು.

"ತಮಾಷೆ ಸಾಕಮ್ಮ."

"ತಮಾಷೆ ಅಲ್ಲ ಕಣೋ. ನಾನು ಬರಲ್ಲ."

"ನಿನ್ನನ್ನ ಇಲ್ಲಿ ಬಿಟ್ಟು ನಾನು ಹೇಗಮ್ಮ ಹೋಗ್ಲಿ?"

"ಎಲ್ಲರನ್ನೂ ಬಿಟ್ಟು ಹೋಗ್ತೀಯಲ್ಲ, ಹಾಗೆ." ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡಪ್ಪ, ನೀನು ನೆಡೋನು. ಹೋಗು, ನೆಡು, ನಿಂಗೆ ದೇವರು ಕೊಟ್ಟ ಕೆಲಸ ಅದು, ನಾನು ಅಡ್ಡ ಬರಲ್ಲ. ಆದ್ರೆ ನಾನು ನೆಡೋಳಲ್ಲ. ನಾನೂ ನೀನು ನೆಟ್ಟ ಸಸಿಗಳಲ್ಲೇ ಒಬ್ಬಳು. ಇಲ್ಲಿ ಬೇರು ಬಿಟ್ಟಿದೀನಿ. ನಾಲ್ಕು ಸಲ ಕಿತ್ತೆ, ಐದನೇ ಸಲ ಕಿತ್ರೆ ಒಣಗಿ ಹೋಗ್ತೀನಿ."

ಪಾಸ್ಟರ್ ಹೆಂಡತಿಯ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ ಇದು?"

"ಕಂಬಳಿ ಹೊತ್ತವಳು ನಾನೇ" ಎಂದಳು ಅವಳು. "ಅತ್ತೆ ಕೈಲಿ ಎತ್ತೋಕಾಗ್ಲಿಲ್ಲ."

ಪಾಸ್ಟರ್ ಮೇಲ್ವಿಚಾರಕರಿಗೆ ಫೋನು ಮಾಡಿದರು. ಅವರು ಯಾವುದೋ ವಿಮಾನ ನಿಲ್ದಾಣದಲ್ಲಿದ್ದರು. ಹಿಂದಿನಿಂದ ಘೋಷಣೆಗಳು ಕೇಳಿಬರುತ್ತಿದ್ದವು. ಪಾಸ್ಟರ ತಾಯಿ ಸಭೆಯ ಸದಸ್ಯಳಾಗಿ ಉಳಿದರೆ ಏನು ಮಾಡಬೇಕೆಂದು ನಿಯಮದಲ್ಲಿ ಬರೆದಿರಲಿಲ್ಲ. "ಉಳೀಲಿ ಬಿಡಿ" ಎಂದರು ಅವರು. "ಆದ್ರೆ ಒಂದು ವರ್ಷದ ಮಾತು ಇದೆಯಲ್ಲ... ಊರಿಗೆ ಬರೋದು, ಫೋನು ಮಾಡೋದು... ಅದನ್ನ ನೀವೇ ಯೋಚನೆ ಮಾಡಿ."

ಪಾಸ್ಟರ್ ಫೋನನ್ನು ಮೇಜಿನ ಮೇಲೆ ಕುಕ್ಕಿದರು. ಅವರಿಗೆ ಸಿಟ್ಟು ಬಂದದ್ದನ್ನು ಚೂಟಿ ನೋಡಿದ್ದೇ ಕಡಿಮೆ.

"ಇದೇನು ಮಾತು! ಹೆತ್ತ ತಾಯಿಗೆ ಫೋನು ಮಾಡೋಕೂ ಯೋಚನೆ ಮಾಡ್ಬೇಕಾ? ಅವಳು ಉಂಡಳಾ, ಮಲಗಿದಳಾ, ಇದಾಳಾ ಇಲ್ವಾ ಅಂತ ತಿಳಿಯೋದು ಬೇಡ್ವಾ ನಂಗೆ?"

ಪಾಸ್ಟರಮ್ಮ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಂಗೂ ತಿಳೀಬೇಕಿತ್ತು" ಎಂದಳು.

ಅವಳು ಯಾರ ಬಗ್ಗೆ ಹೇಳುತ್ತಿದ್ದಾಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಎರಡನೇ ಊರಿನ ಔಷಧಿ ಅಂಗಡಿಯವಳು. ಹದಿನಾಲ್ಕು ವರ್ಷದಲ್ಲಿ ಪಾಸ್ಟರಮ್ಮನಿಗೆ ಸಿಕ್ಕ ಒಬ್ಬಳೇ ಒಬ್ಬಳು ಆಪ್ತ ಗೆಳತಿ. ಅವರು ಆ ಊರು ಬಿಟ್ಟ ಎಂಟನೇ ತಿಂಗಳಿಗೆ ಅವಳು ತೀರಿಕೊಂಡಿದ್ದಳು. ಅದು ಇವರಿಗೆ ತಿಳಿದದ್ದು ಸಂಸ್ಥೆಯ ವಾರ್ಷಿಕ ವರದಿಯಿಂದ. ಆ ಸಭೆಯ ಸಂಖ್ಯೆ ಐವತ್ತೊಂದರಿಂದ ಐವತ್ತಕ್ಕೆ ಇಳಿದಿತ್ತು. ಕಾರಣದ ಜಾಗದಲ್ಲಿ ಒಂದು ಸಾಲು ಬರೆದಿತ್ತು.

"ಕಾಯಿಲೆ ಬಿದ್ದು ಮೂರು ತಿಂಗಳು ಮಲಗಿದ್ಲಂತೆ. ಫೋನು ಮಾಡ್ಲಾ ಅಂತ ಆಗ ನಿಮ್ಮನ್ನ ಎಷ್ಟು ಸಲ ಕೇಳಿದೆ ನಾನು? ಇನ್ನು ನಾಲ್ಕೇ ತಿಂಗಳು ತಡಿ ಅಂದ್ರಿ. ಸಭೆಗೆ ಒಳ್ಳೇದಲ್ಲ ಅಂದ್ರಿ. ತಡೆದೆ."

ಪಾಸ್ಟರ್ ಬಾಗಿಲ ಹತ್ತಿರ ನಿಂತರು. ಮೊದಲು ಅಮ್ಮನನ್ನು ನೋಡಿದರು, ಆಮೇಲೆ ಮಗಳನ್ನು. ಹೆಂಡತಿಯನ್ನು ನೋಡಲು ಅವರಿಂದ ಆಗಲಿಲ್ಲ.

*

ಎರಡು ದಿನ ಅವರು ಹಳೇ ವಿಳಾಸದ ಪುಸ್ತಕಗಳನ್ನು ತಡಕಿದರು. ಮೂರನೇ ದಿನ ಮಧ್ಯಾಹ್ನ, ಜಗಲಿಯಲ್ಲಿ ಕತ್ತರಿಗೆ ಎಣ್ಣೆ ಹಾಕುತ್ತಿದ್ದ ಹೆಂಡತಿಯ ಮುಂದೆ ಒಂದು ಚೀಟಿ ಇಟ್ಟರು.

"ಅವಳ ಅಕ್ಕನ ನಂಬರು. ಈಗ ಅಂಗಡಿ ನೋಡ್ಕೊಳ್ತಿರೋದು ಅವರೇ ಅಂತೆ. ಮಾಡು."

"ಈಗೇನು ಪ್ರಯೋಜನ?"

"ನಂಗೂ ಗೊತ್ತಿಲ್ಲ. ಮಾಡು."

ಅವಳು ಸಂಜೆಯವರೆಗೂ ಚೀಟಿಯನ್ನು ಸೆರಗಿನ ತುದಿಗೆ ಸಿಕ್ಕಿಸಿಕೊಂಡು ಓಡಾಡಿದಳು. ಆಮೇಲೆ ಮಾಡಿದಳು. ಆ ಕಡೆಯ ಹೆಂಗಸಿಗೆ ಮೊದಲು ಗುರುತೇ ಸಿಗಲಿಲ್ಲ. ಯಾವ ಮಾತ್ರೆ ಬೇಕು ಎಂದು ಎರಡು ಸಲ ಕೇಳಿದಳು.

"ಮಾತ್ರೆ ಅಲ್ಲಮ್ಮ. ನಿಮ್ಮ ತಂಗಿ ಕೂದಲು ಕತ್ತರಿಸ್ತಿದ್ದೆ ನಾನು, ಪಾಸ್ಟರ ಹೆಂಡತಿ..."

"ಓ! ನೀವಾ? ಅವಳು ಕೊನೇವರೆಗೂ ಬೇರೆಯವರ ಕೈಲಿ ಕತ್ತರಿಸಿಕೊಳ್ಳಲಿಲ್ಲ ಕಣ್ರೀ. ನಾವು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಬರ್ತಾಳೆ ಬಿಡು, ಬಂದಾಗ ಕತ್ತರಿಸ್ತಾಳೆ, ಅನ್ನೋಳು. ಭುಜ ದಾಟಿ ಬೆಳೆದಿತ್ತು."

"ಸಿಟ್ಟಿತ್ತಾ ನನ್ನ ಮೇಲೆ?"

"ಸಿಟ್ಟಾ? ಇಲ್ಲಪ್ಪ. ಅವರಿಗೇನೋ ನಿಯಮ ಇದೆ, ಪಾಪ, ಅನ್ನೋಳು."

ಪಾಸ್ಟರಮ್ಮ ಫೋನು ಇಟ್ಟು ಒಳಗೆ ಬಂದಳು. ಅಡುಗೆಗೆ ತಡವಾಗಿತ್ತು. ಪಾಸ್ಟರ್ ಆಗಲೇ ಆಲೂಗಡ್ಡೆ ಹೆಚ್ಚಿದ್ದರು. ಒಂದು ತುಂಡು ಹೆಬ್ಬೆರಳಷ್ಟಿದ್ದರೆ ಇನ್ನೊಂದು ಮುಷ್ಟಿಯಷ್ಟು. ಅವಳು ಅವನ್ನು ಹಾಗೇ ಬಾಣಲೆಗೆ ಹಾಕಿದಳು. ಒಲೆಯ ಮುಂದೆ ನಿಂತು ಅತ್ತಳು. ಅವರು ಪಕ್ಕದಲ್ಲಿ ಸೌಟು ಹಿಡಿದು ನಿಂತರು.

"ತಪ್ಪಾಯ್ತು" ಎಂದರು.

"ಉಪ್ಪು ಹಾಕಿದೀರಾ?" ಎಂದಳು ಅವಳು. ಹಾಕಿರಲಿಲ್ಲ.

*

ಎಂಟನೇ ವಾರ ಅವರು ಹೊರಟರು. ಪಾಸ್ಟರಮ್ಮನೂ ಹೊರಟಳು. ಉಳಿಯುವುದಾದರೆ ಉಳಿ ಎಂದು ಪಾಸ್ಟರ್ ಹೇಳಿದ್ದರು, ಮನಸ್ಸಿಟ್ಟೇ ಹೇಳಿದ್ದರು. "ನಾವೂ ದಿಕ್ಕಿಗೊಬ್ಬರಾಗೋದು ಬೇಡ" ಎಂದಳು ಅವಳು. "ಆದ್ರೆ ಅಲ್ಲಿ ಚೂಟಿ ಗೆಳತಿ ಮಾಡ್ಕೊಂಡ್ರೆ, ಆ ಗೆಳೆತನ ಅವಳದ್ದು. ನಿಮ್ಮ ಸಂಸ್ಥೆ ಅದರೊಳಗೆ ಕಾಲಿಡಬಾರದು."

"ಆಗ್ಲಿ."

ಲಾರಿಗೆ ಸಾಮಾನು ಏರಿಸುವಾಗ ಬೇಕರಿಯವನು ಒಬ್ಬನೇ ಮೇಜನ್ನು ಎತ್ತಿ ಇಟ್ಟ. ಕುರ್ಚಿಗಳು ಅಲ್ಲೇ ಉಳಿದವು; ಅವು ಸಭೆಯವು. ಅಂಚೆಯಮ್ಮನ ಗೇಟಿನಲ್ಲಿ ಅಜ್ಜಿ ನಿಂತಿದ್ದಳು. ಮಗ ಬಗ್ಗಿದಾಗ ಅವನ ತಲೆ ಮುಟ್ಟಿ, "ಹೋಗಿ ಬಾ ಅಂತ ಹೇಳೋ ಹಾಗೂ ಇಲ್ವಲ್ಲೋ ನಿಮ್ಮ ನಿಯಮದಲ್ಲಿ" ಎಂದಳು. "ಹೋಗು."

ಬಂದರಿನ ಊರಿನಲ್ಲಿ ಮನೆ ಮೊದಲನೇ ಮಹಡಿಯಲ್ಲಿತ್ತು. ಎದುರಿಗೆ ಕಾರ್ಮಿಕರ ಹಾಸ್ಟೆಲ್ಲು, ಕಿಟಕಿ ಕಿಟಕಿಗೂ ಒಣಗಲು ಹಾಕಿದ ನೀಲಿ ಸಮವಸ್ತ್ರ. ಬೀದಿಯಲ್ಲಿ ಹತ್ತು ಭಾಷೆ ಹರಿಯುತ್ತಿತ್ತು. ಒಂದೂ ನಿಂತು ಇವರನ್ನು ಮಾತಾಡಿಸುತ್ತಿರಲಿಲ್ಲ. ಪಾಸ್ಟರ್ ದಿನಾ ಬೆಳಿಗ್ಗೆ ಹೊರಟು ಕ್ಯಾಂಟೀನು, ಬಸ್ ನಿಲ್ದಾಣ, ಆಸ್ಪತ್ರೆಗಳನ್ನು ಸುತ್ತಿ, ಇಬ್ಬರು ಮೂವರ ಹೆಸರು ಬರೆದುಕೊಂಡು ಬರುತ್ತಿದ್ದರು. ಪಾಸ್ಟರಮ್ಮ ಜಗಲಿ ಇಲ್ಲದ ಆ ಮನೆಯಲ್ಲಿ ಸ್ಟೂಲು ಎಲ್ಲಿ ಹಾಕುವುದೆಂದು ತಿಳಿಯದೆ ಅದನ್ನು ಮಂಚದ ಕೆಳಗೆ ತಳ್ಳಿದ್ದಳು. ಚೂಟಿ ಶಾಲೆಯಿಂದ ಬಂದು, ಯಾರೂ ಕೇಳದಿದ್ದರೂ, "ಇವತ್ತೂ ಯಾರೂ ಇಲ್ಲ" ಎನ್ನುತ್ತಿದ್ದಳು.

ಹನ್ನೆರಡು ಹೊಸ ಕುರ್ಚಿಗಳನ್ನು ತಂದಿದ್ದರು. ಮೂರು ಭಾನುವಾರ ಯಾರೂ ಬರಲಿಲ್ಲ. ನಾಲ್ಕನೆಯ ಭಾನುವಾರ ಕ್ರೇನು ನಡೆಸುವವನೊಬ್ಬ ಬಂದ. ಅವನು ಕೆಳಗಿನ ಮಹಡಿಯ ಹಲ್ಲಿನ ವೈದ್ಯರನ್ನು ಹುಡುಕಿಕೊಂಡು ಬಂದಿದ್ದ. ಆದರೂ ಚಹಾ ಕುಡಿದು, ಊದಿದ ಕೆನ್ನೆ ಹಿಡಿದುಕೊಂಡು ಒಂದು ಹಾಡು ಮುಗಿಯುವವರೆಗೆ ಕೂತು ಹೋದ.

ಐದನೆಯ ಭಾನುವಾರ ಒಂಬತ್ತರ ಆರಾಧನೆ ಮುಗಿಸಿ ಮೂವರೂ ಸುಮ್ಮನೆ ಕೂತಿದ್ದಾಗ ಫೋನು ಬಡಿದುಕೊಂಡಿತು. ಅಜ್ಜಿ.

ಅಲ್ಲಿಯವರೆಗೆ ಪಾಸ್ಟರ್ ವಾರಕ್ಕೊಮ್ಮೆ ಬುಧವಾರ ತಾಯಿಗೆ ಫೋನು ಮಾಡುತ್ತಿದ್ದರು. ಊಟ, ಮಂಡಿನೋವು, ಅಂಚೆಯಮ್ಮನ ಬೆಕ್ಕು, ಇಷ್ಟೇ ಮಾತು. ಸಭೆಯ ಸುದ್ದಿ ಅವರು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಆದರೆ ಈ ದಿನ ಆ ಕಡೆಯಿಂದ ಅಜ್ಜಿಯ ದನಿಯೇ ಬರಲಿಲ್ಲ. ಕುರ್ಚಿ ಎಳೆದ ಸದ್ದು, ಯಾರದೋ ಕೆಮ್ಮು, ಮಗುವೊಂದರ ಅಳು. ಆಮೇಲೆ ಹಾಡು ಶುರುವಾಯಿತು.

"ಅಜ್ಜಿ ಫೋನನ್ನ ಕುರ್ಚಿ ಮೇಲೆ ಇಟ್ಟಿದಾಳೆ!" ಎಂದಳು ಚೂಟಿ.

ಪಾಸ್ಟರ ಬೆರಳು ಕರೆ ಕತ್ತರಿಸುವ ಕೆಂಪು ಗುಂಡಿಯವರೆಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಅವರು ಫೋನನ್ನು ಖಾಲಿ ಕುರ್ಚಿಯೊಂದರ ಮೇಲೆ ಇಟ್ಟು ಸದ್ದು ಹೆಚ್ಚಿಸಿದರು. ಮೂವರೂ ಅದರ ಸುತ್ತ ಕುರ್ಚಿ ಎಳೆದುಕೊಂಡರು.

"ಈ ಎತ್ತರದ ದನಿ ಬೇಕರಿಯವನ ಹೆಂಡತೀದು" ಎಂದಳು ಪಾಸ್ಟರಮ್ಮ. "ಶ್!" ಎಂದಳು ಚೂಟಿ.

ಹಾಡು ಮುಗಿದು ಬೇಕರಿಯವನು ಮಾತಿಗೆ ನಿಂತ. "ಪ್ರಿ..." ಎಂದು ಎಡವಿ ನಿಲ್ಲಿಸಿದ. ಪಾಸ್ಟರ್ ಕುರ್ಚಿಯ ಅಂಚು ಹಿಡಿದರು. ಆ ಕಡೆ ಯಾರೋ ಸಣ್ಣಗೆ ನಕ್ಕರು, ಅವನೂ ನಕ್ಕ. "ಹಿಟ್ಟಿನ ಕತೆ ಹೇಳ್ತೀನಿ, ನಂಗೆ ಗೊತ್ತಿರೋದು ಅದೇ" ಎಂದ. ಚಳಿಯ ಬೆಳಿಗ್ಗೆ ಹಿಟ್ಟು ಉಬ್ಬದಿದ್ದಾಗ ತಾನು ಹೇಗೆ ಗಾಬರಿಯಾಗುತ್ತಿದ್ದೆ, ತೆಗೆದು ತೆಗೆದು ನೋಡಿ ಹೇಗೆ ಕೆಡಿಸುತ್ತಿದ್ದೆ, ಕೊನೆಗೆ ಬಟ್ಟೆ ಮುಚ್ಚಿ ಕಾಯುವುದನ್ನು ಹೇಗೆ ಕಲಿತೆ ಎಂದು ಹೇಳುತ್ತ ಹೋದ. ಅದು ಪಾಸ್ಟರ್ ಕಲಿಸಿದ ಬೋಧನೆಯಾಗಿರಲಿಲ್ಲ. ಅವರದಕ್ಕಿಂತ ಚೆನ್ನಾಗಿತ್ತು. ಜನ ಕೆಮ್ಮುವುದನ್ನೂ ಬಿಟ್ಟು ಕೇಳುತ್ತಿದ್ದರು.

ಆಮೇಲೆ ಪ್ರಾರ್ಥನೆ. ಮೂವರೂ ಇಲ್ಲಿ ತಲೆ ಬಾಗಿಸಿದರು. ಅವನು ಒಬ್ಬೊಬ್ಬರನ್ನೇ ಹೆಸರಿಸಿದ: ಕಾಲು ಮುರಿದುಕೊಂಡ ವಿದ್ಯುತ್ ಕೆಲಸದವನು, ಪರೀಕ್ಷೆಗೆ ಕೂರುವ ಮಕ್ಕಳು, ಕೆಲಸ ಹೋದ ಇಬ್ಬರು, ಬಾಣಂತಿ, ದೂರದ ದಾರಿಯಲ್ಲಿರುವ ಚಾಲಕರು, ಈ ವಾರ ಹೊಸದಾಗಿ ಬಂದ ಮನೆಯವರು. ಪಾಸ್ಟರಮ್ಮ ಕಣ್ಣು ತೆರೆದು ಗಂಡನನ್ನು ನೋಡಿದಳು. ಅವರು ಇನ್ನೂ ಕಿವಿಗೊಟ್ಟು ಕಾಯುತ್ತಿದ್ದರು. ಆ ಕಡೆಯಿಂದ ಎಲ್ಲರೂ ಒಟ್ಟಿಗೆ ಆಮೆನ್ ಎಂದರು. ಕುರ್ಚಿಗಳು ಸರಿದವು. ಪಾಸ್ಟರ್ ಬಾಗಿಸಿದ ತಲೆ ಎತ್ತಲಿಲ್ಲ.

"ಕೇಳಿಸ್ತೇನೋ?" ಅಜ್ಜಿಯ ದನಿ ಬಂತು.

"ಕೇಳಿಸ್ತಮ್ಮ. ಚೆನ್ನಾಗಿ ಮಾತಾಡಿದ."

"ನಿಮ್ಮನ್ನ ನೆನೆಸೋದು ಮರೆತುಬಿಟ್ಟ ಕಣೋ. ಮೊದಮೊದಲು ವಾರವೂ ಹೇಳ್ತಿದ್ದ. ಈಗ ಜನ ಜಾಸ್ತಿ ಆದ್ರಲ್ಲ. ಜ್ಞಾಪಿಸ್ಲಾ ಅವನಿಗೆ?"

"ಬೇಡಮ್ಮ." ಪಾಸ್ಟರ್ ಮುಖ ಒರೆಸಿಕೊಂಡರು. "ಹೇಳ್ಬೇಡ. ಇದೇ ಆಗ್ಬೇಕಾಗಿದ್ದು. ಸರಿಯಾಗೇ ಆಗಿದೆ."

"ಮುಂದಿನ ಭಾನುವಾರವೂ ಇಡ್ಲಾ ಫೋನು?"

ಅವರು ಇಡು ಎನ್ನಲೂ ಬೇಡ ಎನ್ನಲೂ ಆಗದೆ ಕೂತರು. ಪಾಸ್ಟರಮ್ಮ ಎದ್ದು ಬಂದು ಕುರ್ಚಿಯ ಮೇಲಿದ್ದ ಫೋನನ್ನು ಎತ್ತಿಕೊಂಡಳು.

"ಇಡಿ ಅತ್ತೆ" ಎಂದಳು. "ಇನ್ನೊಂದೆರಡು ಸಾಲು ಮುಂದಕ್ಕೆ ಇಡಿ. ಇಲ್ಲಿ ಮೂರು ಜನ ಕೇಳೋರಿದೀವಿ."